ಗಗನದಿಂದ ತರಗತಿಗೆ

ವಿದ್ಯೆಯನ್ನು ದೂರಕ್ಕೆ ಕೊಂಡೊಯ್ಯುವ ಸಾಧನಗಳನ್ನು ಮನುಷ್ಯನು ಬಹು ಕಾಲದಿಂದ ಹುಡುಕುತ್ತ ಬಂದಿದ್ದಾನೆ. ಓಲೆಗರಿಯಲ್ಲಿ ಕಂಟದಿಂದ ಕೊರೆದ ಗ್ರಂಥವು ಊರಿಂದೂರಿಗೆ ಹೋಯಿತು. ಅಚ್ಚಿನ ಮೊಳೆ ಬಂದ ಮೇಲೆ ಅದೇ ಗ್ರಂಥವು ಸಾವಿರ ಮನೆಗಳನ್ನು ಹೊಕ್ಕಿತು. ರೇಡಿಯೋ ಬಂದಾಗ ಮಾತೇ ಅಲೆಯಾಗಿ ಹರಿಯಿತು. ಇಂದು ಕೆಲವು ಶಾಲೆಗಳ ಗೋಡೆಯ ಮೇಲೆ, ಬೆರಳು ಸೋಕಿದೊಡನೆ ಚಿತ್ರಗಳು ಚಲಿಸುವ ಹಲಗೆಯುಂಟು; ಅನೇಕ ವಿದ್ಯಾರ್ಥಿಗಳ ಅಂಗೈಯಲ್ಲಿ ಮೊಬೈಲು ಫೋನುಂಟು. ಇವೆಲ್ಲ ನಿನ್ನೆ ಮೊನ್ನೆ ಹುಟ್ಟಿದ ವಿಚಾರಗಳೆಂದು ನಾವು ಭಾವಿಸುವುದು ಸಹಜವೇ. ಆದರೆ ಯಂತ್ರದ ನೆರವಿನಿಂದ ದೂರದ ಹಳ್ಳಿಗೆ ಪಾಠವನ್ನು ಮುಟ್ಟಿಸುವ ಕಾರ್ಯವನ್ನು ನಮ್ಮ ದೇಶವು ಅರ್ಧ ಶತಮಾನದ ಹಿಂದೆಯೇ ಬಹು ದೊಡ್ಡ ಪ್ರಮಾಣದಲ್ಲಿ ಪ್ರಯೋಗಮಾಡಿ ನೋಡಿತು. ಆ ಪ್ರಯೋಗಕ್ಕೆ ನೆಲವನ್ನು ಒದಗಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಕಥೆಯನ್ನು ಅರಿತರೆ, ಇಂದಿನ ಸಾಧನಗಳಿಂದ ನಾವು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ತಿಳಿಯಾಗುತ್ತದೆ.

ಎರವಲು ಪಡೆದ ಉಪಗ್ರಹ

ಹಳ್ಳಿಹಳ್ಳಿಗೂ ದೂರದರ್ಶನವನ್ನು ಒಯ್ಯಬೇಕಾದರೆ ನೆಲದ ಮೇಲೆ ನೂರಾರು ಪ್ರಸಾರ ಗೋಪುರಗಳನ್ನು ಕಟ್ಟಬೇಕು. ಅದಕ್ಕೆ ಹಣವೂ ಬೇಕು, ದಶಕಗಳ ಕಾಲವೂ ಬೇಕು. ಅದರ ಬದಲು ಒಂದೇ ಒಂದು ಗೋಪುರವನ್ನು ಆಕಾಶದಲ್ಲಿ ನಿಲ್ಲಿಸಿದರೆ ಹೇಗೆ? ಈ ವಿಚಾರವನ್ನು ಬಲವಾಗಿ ಮುಂದಿಟ್ಟವರು ಡಾಕ್ಟರ್ ವಿಕ್ರಮ್ ಸಾರಾಭಾಯಿ ಅವರು. ಆಗ ನಮ್ಮಲ್ಲಿ ಅಂತಹ ಉಪಗ್ರಹವಿರಲಿಲ್ಲ. ಆದುದರಿಂದ 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಂದು ಒಪ್ಪಂದವಾಯಿತು. ಆ ಸಂಸ್ಥೆಯ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತವು ಬಳಸಿಕೊಳ್ಳಬಹುದೆಂದು ಗೊತ್ತಾಯಿತು. 1971ರ ಡಿಸೆಂಬರಿನಲ್ಲಿ ಸಾರಾಭಾಯಿಯವರು ಕಾಲವಾದರು. ಕನಸು ಕೈಗೂಡಿದುದನ್ನು ಅವರು ಕಾಣಲಿಲ್ಲ.

ಎಟಿಎಸ್-6 ಗಗನಕ್ಕೇರಿದುದು 1974ರ ಮೇ 30ರಂದು. ಮರುವರ್ಷ ಅದನ್ನು ಪೂರ್ವ ಆಫ್ರಿಕದ ನೆತ್ತಿಗೆ ಸರಿಸಲಾಯಿತು. ಅಲ್ಲಿಂದ ಭಾರತವು ಅದರ ಕಣ್ಣಿಗೆ ಚೆನ್ನಾಗಿ ಕಾಣುತ್ತಿದ್ದಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಹಮದಾಬಾದಿನ ಭೂಕೇಂದ್ರದಿಂದ ಮೇಲಕ್ಕೆ ಹೋದ ಪಾಠಗಳು ಆ ಉಪಗ್ರಹವನ್ನು ಮುಟ್ಟಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಳಿದುಬಂದವು. ಇದೇ 'ಸೈಟ್' ಎಂದು ಹೆಸರಾದ ಪ್ರಯೋಗ. ಕರ್ನಾಟಕದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದಕ್ಕೆ ಆಯ್ಕೆಯಾಗಿದ್ದವು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ. ಸಂಜೆ ಎರಡೂವರೆ ಗಂಟೆ ಊರವರಿಗೆ. ಹಿಂದಿ, ಕನ್ನಡ, ತೆಲುಗು, ಒರಿಯಾ ಎಂಬ ನಾಲ್ಕು ಭಾಷೆಗಳು ಬೆಳಗಿನ ಹೊತ್ತನ್ನು ಸಮನಾಗಿ ಹಂಚಿಕೊಂಡವು. ಕನ್ನಡದ ಮಕ್ಕಳ ಪಾಲಿಗೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ಬಂದಿತು. ಅಂದು ಬೆಂಗಳೂರಿನಲ್ಲಿಯೂ ದೂರದರ್ಶನ ಕೇಂದ್ರವಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ರಾಜಧಾನಿಗಿಂತ ಮೊದಲು ರಾಯಚೂರು ಸೀಮೆಯ ಹಳ್ಳಿಯ ಹುಡುಗನು ಬೆಳಕಿನ ಪರದೆಯನ್ನು ಕಂಡನು.

ಕೋಳಿಗೂಡಿನ ಬಲೆ ಹಿಡಿದ ಅಲೆ

ಭೂಮಧ್ಯರೇಖೆಯ ನೆತ್ತಿಯಲ್ಲಿ, ನೆಲದಿಂದ ಸುಮಾರು 35,800 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತು ಮುಗಿಸಲು ಭೂಮಿಯು ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುವಷ್ಟೇ ಕಾಲ ಹಿಡಿಯುತ್ತದೆ. ಆದುದರಿಂದ ಅದು ನಮ್ಮ ಕಣ್ಣಿಗೆ ಆಕಾಶದಲ್ಲಿ ನೆಟ್ಟ ಕಂಬದಂತೆ ನಿಂತೇ ಇರುತ್ತದೆ. ಹಳ್ಳಿಯ ಆಂಟೆನಾವನ್ನು ಒಮ್ಮೆ ಅತ್ತ ತಿರುಗಿಸಿ ಬಿಗಿದರೆ ಸಾಕು, ಮತ್ತೆ ಕದಲಿಸಬೇಕಾಗಿಲ್ಲ.

ಈಗ ಒಂದು ಬೆರಗಿನ ವಿಷಯ. ಎಟಿಎಸ್-6ರ ದೂರದರ್ಶನ ಪ್ರೇಷಕದ ಶಕ್ತಿ ಎಷ್ಟು? ಕೇವಲ 80 ವಾಟು. ಹಳೆಯ ಕಾಲದ ಮನೆಯ ಒಂದು ವಿದ್ಯುದ್ದೀಪದಷ್ಟು. ಅಷ್ಟು ದೂರದಿಂದ ಇಷ್ಟು ಅಲ್ಪ ಶಕ್ತಿ ಸಾವಿರಾರು ಹಳ್ಳಿಗಳನ್ನು ಮುಟ್ಟಿದುದು ಹೇಗೆ? ಉಪಗ್ರಹವು ತನ್ನೊಡನೆ ಸುಮಾರು 9 ಮೀಟರು ಅಗಲದ, ಕೊಡೆಯಂತೆ ಬಿಚ್ಚಿಕೊಳ್ಳುವ ಒಂದು ಬೋಗುಣಿ ಆಂಟೆನಾವನ್ನು ಒಯ್ದಿದ್ದಿತು. ಕೈದೀಪದ ಹಿಂದಿನ ಕನ್ನಡಿಯು ಬೆಳಕನ್ನು ಒಂದೇ ದಿಕ್ಕಿಗೆ ಕೂಡಿಸುವಂತೆ, ಇದು ಅಲೆಗಳನ್ನು ಭಾರತದ ಕಡೆಗೇ ಕೂಡಿಸಿ ಕಳುಹಿಸಿತು. ನಾಲ್ಕು ದಿಕ್ಕಿಗೂ ಚೆಲ್ಲಿಹೋಗಬೇಕಾಗಿದ್ದ ಶಕ್ತಿ ಒಂದು ನಾಡಿನ ಮೇಲೆ ಬಿದ್ದಿತು.

ಕೆಳಗೆ ಹಳ್ಳಿಯಲ್ಲಿದ್ದುದು 3 ಮೀಟರು ಅಗಲದ ಬೋಗುಣಿ. ಅದನ್ನು ಹೊಳೆಯುವ ಲೋಹದ ಹಾಳೆಯಿಂದ ಮಾಡಿರಲಿಲ್ಲ. ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯಿಂದ ಮಾಡಿದ್ದರು. ಬಲೆಯ ಕಂಡಿಗಳಲ್ಲಿ ಅಲೆ ಸೋರಿಹೋಗದೆ? ಹೋಗದು. ಆ ಪ್ರಸಾರದ ಆವೃತ್ತಿ ಸೆಕೆಂಡಿಗೆ 86 ಕೋಟಿ ಕಂಪನಗಳು. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರು ಎಂದು ತಿಳಿಯುತ್ತದೆ. ತನ್ನ ಉದ್ದಕ್ಕಿಂತ ಬಹು ಚಿಕ್ಕದಾದ ಕಂಡಿಯನ್ನು ಅಲೆಯು ದಾಟಲಾರದು. ಅದಕ್ಕೆ ಬಲೆಯೂ ಗೋಡೆಯೂ ಒಂದೇ. ಗಾಳಿಯಾದರೋ ಆ ಕಂಡಿಗಳಲ್ಲಿ ಸರಾಗವಾಗಿ ನುಗ್ಗಿಹೋಗುತ್ತಿದ್ದಿತು. ಬಿರುಗಾಳಿಗೆ ಬೋಗುಣಿ ಉರುಳುವ ಭಯ ಕಡಿಮೆಯಾಯಿತು. ಬಡ ದೇಶವೊಂದು ಭೌತಶಾಸ್ತ್ರವನ್ನು ಚೆನ್ನಾಗಿ ಓದಿಕೊಂಡುದರ ಫಲವಿದು.

ಪರದೆಯ ಮುಂದೆ ಕುಳಿತವರು

ಯಂತ್ರವು ಗೆದ್ದಿತು. ಪಾಠ ಗೆದ್ದಿತೆ? ಸೈಟ್ ಪ್ರಯೋಗದ ಮಹತ್ತ್ವವೆಂದರೆ ಈ ಪ್ರಶ್ನೆಯನ್ನು ಕೇಳದೆ ಬಿಡಲಿಲ್ಲ. ಸಮಾಜ ವಿಜ್ಞಾನಿಗಳು ಹಳ್ಳಿಗಳಲ್ಲಿ ತಂಗಿ, ಮಕ್ಕಳನ್ನೂ ಹಿರಿಯರನ್ನೂ ಗಮನಿಸಿ ಫಲಗಳನ್ನು ಬರೆದಿಟ್ಟರು. ಮಕ್ಕಳ ಭಾಷೆ ಬೆಳೆದುದು ಕಂಡುಬಂದಿತು. ಹೊಸದನ್ನು ತಿಳಿಯುವ ಆಸಕ್ತಿಯೂ ಹೆಚ್ಚಿತು. ಆದರೆ ಶಾಲೆಗೆ ಸೇರುವವರ ಸಂಖ್ಯೆಯಾಗಲಿ, ನಡುವೆ ಶಾಲೆ ಬಿಡುವವರ ಸಂಖ್ಯೆಯಾಗಲಿ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಮಗುವು ಶಾಲೆ ಬಿಡುವುದು ಪಾಠ ಬೇಸರವಾದುದರಿಂದ ಮಾತ್ರವಲ್ಲ. ದನ ಕಾಯಬೇಕಾದುದರಿಂದ, ತಂಗಿಯನ್ನು ಎತ್ತಿಕೊಳ್ಳಬೇಕಾದುದರಿಂದ. ಪರದೆಯ ಮೇಲಿನ ಚಿತ್ರವು ಆ ಹೊರೆಯನ್ನು ಇಳಿಸಲಾರದು.

ಅದೇ ವರ್ಷ ಇನ್ನೊಂದು ಕೆಲಸವೂ ನಡೆಯಿತು. ಸುಮಾರು 50,000 ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನವನ್ನು ಕಲಿಸುವ ಬಗೆಯಲ್ಲಿ ತರಬೇತಿ ಕೊಡಲಾಯಿತು. ದೂರದರ್ಶನ, ರೇಡಿಯೋ, ಅಚ್ಚಾದ ಪುಸ್ತಿಕೆ, ಕೈಯಾರೆ ಮಾಡುವ ಪ್ರಯೋಗ ಇವೆಲ್ಲವೂ ಅದರಲ್ಲಿ ಒಂದುಗೂಡಿದ್ದವು. ಯಂತ್ರವು ಉಪಾಧ್ಯಾಯನ ಸ್ಥಾನವನ್ನು ಕಸಿದುಕೊಳ್ಳದೆ, ಅವನ ಕೈಯನ್ನು ಬಲಪಡಿಸಿದ ಉದಾಹರಣೆಯಾಗಿ ಇದನ್ನು ನಾವು ನೆನೆಯಬೇಕು.

1976ರ ಜುಲೈ ಕಳೆಯಿತು. ಎರವಲು ತಂದ ಉಪಗ್ರಹವು ಹಿಂದಿರುಗಿತು. ಸಾವಿರಾರು ಹಳ್ಳಿಗಳ ಪರದೆಗಳು ಕತ್ತಲಾದವು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾದರೂ ಅದರ ವ್ಯಾಪ್ತಿಗೆ ಹೊರತಾದ ಊರುಗಳು ಹಲವು. ಪರರ ಸಾಧನವನ್ನು ನೆಚ್ಚಿದ ಪಾಠವು ಆ ಸಾಧನದೊಡನೆಯೇ ನಿಂತುಹೋಗುತ್ತದೆ.

ಪ್ರಶ್ನೆಗೆ ದಾರಿ

ಸೈಟ್ ಪ್ರಯೋಗದಲ್ಲಿ ಮಗು ಕೇಳಬಹುದಾಗಿತ್ತು, ನೋಡಬಹುದಾಗಿತ್ತು, ಪ್ರಶ್ನೆ ಹಾಕುವಂತಿರಲಿಲ್ಲ. ಅಲೆಯ ದಾರಿ ಒಮ್ಮುಖವಾಗಿದ್ದಿತು. ಈ ಕೊರತೆಯನ್ನು ನೀಗಲು ಬಂದುದು ನಮ್ಮದೇ ಉಪಗ್ರಹವಾದ ಎಡುಸ್ಯಾಟ್. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಮೇಲೇರಿದ, 1,950 ಕಿಲೋಗ್ರಾಮು ತೂಕದ ಈ ಉಪಗ್ರಹವು ಶಿಕ್ಷಣಕ್ಕೆಂದೇ ಮೀಸಲಾಗಿದ್ದಿತು. ದೇಶದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕಿರಣಪುಂಜಗಳನ್ನು ಬೀರಬಲ್ಲ ಶಕ್ತಿ ಅದಕ್ಕಿದ್ದುದರಿಂದ ಒಂದೊಂದು ಪ್ರದೇಶಕ್ಕೆ ಅದರದೇ ಭಾಷೆಯಲ್ಲಿ ಪಾಠ ಸಾಧ್ಯವಾಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದನ್ನು ಮೊದಲಿಗೆ ಬಳಸಿದವರಲ್ಲಿ ಸೇರಿದ್ದವು.

ಇಂತಹ ಉಪಗ್ರಹದ ಮೂಲಕ ವಿದ್ಯಾರ್ಥಿಯು ದೂರದ ಅಧ್ಯಾಪಕನಿಗೆ ಪ್ರಶ್ನೆ ಹಾಕಿದರೆ, ಮಾತು ಮೇಲೆ ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡು. ಉತ್ತರವು ಅದೇ ದಾರಿಯಲ್ಲಿ ಬರಲು ಇನ್ನೊಂದು ಕಾಲು ಸೆಕೆಂಡು. ಅರ್ಧ ಸೆಕೆಂಡಿನ ಈ ಮೌನವನ್ನು ಯಾವ ಯಂತ್ರವೂ ತಪ್ಪಿಸಲಾರದು; ಬೆಳಕಿಗಿಂತ ವೇಗವಾಗಿ ಸಂದೇಶ ಸಾಗದು. 2010ರಲ್ಲಿ ಎಡುಸ್ಯಾಟ್ ತನ್ನ ಸೇವೆಯನ್ನು ಮುಗಿಸಿತು. 2017ರಲ್ಲಿ ಮೊದಲಾದ ಸ್ವಯಂಪ್ರಭಾ ವಾಹಿನಿಗಳು ಮನೆಯ ಚಿಕ್ಕ ಬೋಗುಣಿಗೂ ಪಾಠಗಳನ್ನು ಇಳಿಸತೊಡಗಿದವು. ಅದೇ ವರ್ಷ ಆರಂಭವಾದ ದೀಕ್ಷಾ ವ್ಯವಸ್ಥೆಯಿಂದ, ಪಠ್ಯಪುಸ್ತಕದಲ್ಲಿ ಅಚ್ಚಾದ ಚೌಕುಳಿ ಸಂಕೇತಕ್ಕೆ ಫೋನನ್ನು ಹಿಡಿದರೆ ಆ ಪಾಠದ ಚಲನಚಿತ್ರವು ತೆರೆಯುವಂತಾಯಿತು.

ಒಂದು ಲೆಕ್ಕ

ಪ್ರಸಾರಕ್ಕೂ ಅಂತರ್ಜಾಲಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಪ್ರಸಾರವು ಮಳೆಯಂತೆ, ಹತ್ತು ಪಾತ್ರೆ ಇಟ್ಟರೂ ಲಕ್ಷ ಪಾತ್ರೆ ಇಟ್ಟರೂ ಮೋಡಕ್ಕೆ ಒಂದೇ. ಅಂತರ್ಜಾಲವು ನಲ್ಲಿಯಂತೆ, ಪ್ರತಿಯೊಂದು ಕೊಡವನ್ನೂ ಬೇರೆಬೇರೆಯಾಗಿ ತುಂಬಿಸಬೇಕು. ಸೆಕೆಂಡಿಗೆ 10 ಲಕ್ಷ ಬಿಟ್‌ಗಳಂತೆ ಹರಿಯುವ ಇಪ್ಪತ್ತೆರಡೂವರೆ ನಿಮಿಷದ ಪಾಠವೊಂದನ್ನು ತೆಗೆದುಕೊಳ್ಳೋಣ. 1,350 ಸೆಕೆಂಡುಗಳಲ್ಲಿ 135 ಕೋಟಿ ಬಿಟ್‌ಗಳು, ಅಂದರೆ ಸುಮಾರು 169 ಮೆಗಾಬೈಟು. ನಲವತ್ತು ಮಕ್ಕಳು ತಮ್ಮ ತಮ್ಮ ಫೋನಿನಲ್ಲಿ ನೋಡಿದರೆ ಆರೂಮುಕ್ಕಾಲು ಗಿಗಾಬೈಟು. ಉಪಾಧ್ಯಾಯನೊಬ್ಬನೇ ಒಮ್ಮೆ ಇಳಿಸಿಕೊಂಡು ತರಗತಿಯ ಒಂದೇ ಪರದೆಯಲ್ಲಿ ತೋರಿಸಿದರೆ 169 ಮೆಗಾಬೈಟೇ ಸಾಕು. ಅಷ್ಟೇ ಅಲ್ಲ, ಬೇಕಾದಲ್ಲಿ ನಿಲ್ಲಿಸಿ, "ಮುಂದೇನಾಗುವುದು, ಹೇಳಿ ನೋಡೋಣ" ಎಂದು ಕೇಳಲೂ ಬರುತ್ತದೆ. ನೆಲದ ಪರಿಸ್ಥಿತಿಯನ್ನು ನೋಡಿದರೆ ಈ ಲೆಕ್ಕವು ಕೇವಲ ಲೆಕ್ಕವಲ್ಲ. 2023-24ನೆಯ ಸಾಲಿನ ಸರ್ಕಾರದ ಅಂಕಿಅಂಶಗಳ ಪ್ರಕಾರ ದೇಶದ ನೂರು ಶಾಲೆಗಳಲ್ಲಿ ಅಂತರ್ಜಾಲವಿದ್ದುದು ಸುಮಾರು 54ರಲ್ಲಿ ಮಾತ್ರ.

2020ರಲ್ಲಿ ಕೋವಿಡ್ ರೋಗದಿಂದ ಶಾಲೆಗಳು ಮುಚ್ಚಿದಾಗ ಈ ಅಂತರವು ಎಲ್ಲರ ಕಣ್ಣಿಗೂ ಬಿದ್ದಿತು. ಆಗ ಕರ್ನಾಟಕದಲ್ಲಿ ಚಂದನ ವಾಹಿನಿಯ ಮೂಲಕ ಸೇತುಬಂಧ ಪಾಠಗಳು ಪ್ರಸಾರವಾದವು. ಅದರೊಡನೆ ವಿದ್ಯಾಗಮ ಎಂಬ ಕಾರ್ಯಕ್ರಮವೂ ನಡೆಯಿತು. ಅಂತರ್ಜಾಲವುಳ್ಳ ಫೋನಿರುವವರು, ಬರಿಯ ಮಾತಿನ ಫೋನಿರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುರುತಿಸಿ, ಉಪಾಧ್ಯಾಯರು ತಾವೇ ಊರುಗಳಿಗೆ ಹೋಗಿ ಬಯಲಿನಲ್ಲಿ, ಗುಡಿಯ ಜಗಲಿಯಲ್ಲಿ ಪಾಠ ಹೇಳಿದರು. ಯಾವ ಅಲೆಯೂ ಮುಟ್ಟದ ಮಗುವನ್ನು ಮುಟ್ಟಿದುದು ನಡೆದು ಹೋದ ಉಪಾಧ್ಯಾಯನ ಕಾಲು.

ಹಾಗೆಂದು ಯಂತ್ರವನ್ನು ನಾವು ಹಳಿಯಬೇಕಾಗಿಲ್ಲ. ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು, ಅಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದನ್ನು ಕಪ್ಪುಹಲಗೆಯ ಮೇಲೆ ಚಲಿಸುವಂತೆ ತೋರಿಸಲು ಯಾವ ಉಪಾಧ್ಯಾಯನಿಗೂ ಸಾಧ್ಯವಿಲ್ಲ. ಅಂತಹ ಕಡೆ ಪರದೆಯೇ ಉತ್ತಮ ಗುರು. ಆದರೆ ಹೊಸ ಉಪಕರಣವೊಂದು ಶಾಲೆಯ ಬಾಗಿಲಿಗೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಇದು ಕೊನೆಯ ಬೆಂಚಿನ ಮಗುವನ್ನೂ ಮುಟ್ಟುವುದೆ? ಮಗು ತಿರುಗಿ ಪ್ರಶ್ನೆ ಹಾಕಲು ದಾರಿಯುಂಟೆ? ಇದನ್ನು ಬಳಸಲು ಉಪಾಧ್ಯಾಯರಿಗೆ ತರಬೇತಿ ದೊರೆತಿದೆಯೆ? ಇದು ಕೆಟ್ಟುಹೋದ ದಿನವೂ ಪಾಠ ನಡೆಯುವುದೆ? ಈ ನಾಲ್ಕಕ್ಕೂ ಹೌದೆಂಬ ಉತ್ತರ ದೊರೆತರೆ ಆ ಉಪಕರಣಕ್ಕೆ ನಾವು ಸಂತೋಷದಿಂದ ಬಾಗಿಲು ತೆರೆಯಬಹುದು. ನಾಳೆ ಇಂತಹ ಸಾಧನಗಳನ್ನು ರಚಿಸುವವರು ಇಂದಿನ ವಿದ್ಯಾರ್ಥಿಗಳೇ. ತಂತಿಬಲೆಯಿಂದ ಗಗನದ ಅಲೆಯನ್ನು ಹಿಡಿದವರ ಜಾಣ್ಮೆಯೂ, ಹಿಡಿದ ಮೇಲೆ ಫಲವೇನೆಂದು ಪರೀಕ್ಷಿಸಿದವರ ಪ್ರಾಮಾಣಿಕತೆಯೂ ಅವರಲ್ಲಿ ಒಂದುಗೂಡಲಿ.