ಊಟ ಬಲ್ಲವರು ಪಾತ್ರೆಯನ್ನೂ ಬಲ್ಲವರಾಗಲಿ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ಹಿರಿಯರ ಅನುಭವದ ನುಡಿ. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದನ್ನು ಅರಿತವನು ಆರೋಗ್ಯವಂತನಾಗಿ ಬಾಳುವನೆಂಬುದು ಇದರ ತಾತ್ಪರ್ಯ. ಇಂದಿನ ಕಾಲದಲ್ಲಿ ಯಾವ ಪಾತ್ರೆಯಲ್ಲಿ ಉಣ್ಣಬೇಕೆಂಬ ವಿವೇಕವನ್ನೂ ಇದಕ್ಕೆ ಸೇರಿಸಿಕೊಳ್ಳುವುದು ಅವಶ್ಯವಾಗಿದೆ.

ಪುಣೆಯಿಂದ ಅಹಿಲ್ಯಾನಗರದತ್ತ ಸಾಗುವ ಹೆದ್ದಾರಿಯಲ್ಲಿ, ಘೋಡ ನದಿಯ ದಂಡೆಯ ಮೇಲೆ ಶಿರೂರು ಪಟ್ಟಣವಿದೆ. ರಾಂಜಣಗಾಂವ ಕೈಗಾರಿಕಾ ಪ್ರದೇಶದ ಉದ್ಯೋಗವನ್ನು ನಂಬಿ ಇಲ್ಲಿ ಬಿಡಾರ ಹೂಡಿದ ಕನ್ನಡ ಕುಟುಂಬವೊಂದರ ಮುಂಜಾವನ್ನು ಕಲ್ಪಿಸಿಕೊಳ್ಳಬಹುದು. ಮೊದಲ ಪಾಳಿಗೆ ಹೊರಡುವ ಯಜಮಾನರಿಗಾಗಿ ಒಲೆಯಿಂದ ಇಳಿದ ಬಿಸಿ ಅನ್ನ, ಸಾರು ಪ್ಲಾಸ್ಟಿಕ್ ಡಬ್ಬಿಯನ್ನು ಸೇರುತ್ತವೆ. ದಾರಿಯಲ್ಲಿ ಕಾಗದದ ಲೋಟದ ಚಹಾ. ಮನೆಯಲ್ಲಿ ಕೂಸಿನ ಹಾಲಿನ ಬಾಟಲಿಗೆ ಕುದಿನೀರು. ಗಡಿಬಿಡಿಯ ಬಾಳಿನಲ್ಲಿ ಇವಾವುವೂ ತಪ್ಪೆಂದು ತೋರುವುದಿಲ್ಲ. ಆದರೆ ಈ ಮೂರು ಕಡೆಯೂ ಪ್ಲಾಸ್ಟಿಕ್ಕಿಗೆ ಬಿಸಿ ತಗಲುತ್ತಿದೆ ಎಂಬುದು ಗಮನಿಸತಕ್ಕ ವಿಷಯ.

ಕಣ್ಣಿಗೆ ಕಾಣದ ಕಣಗಳು

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳಿಗೆ ಮೈಕ್ರೊಪ್ಲಾಸ್ಟಿಕ್, ಅಂದರೆ ಸೂಕ್ಷ್ಮ ಪ್ಲಾಸ್ಟಿಕ್ ಎಂದು ಹೆಸರು. ಇವುಗಳಲ್ಲಿ ಅನೇಕವು ಬರಿಗಣ್ಣಿಗೆ ಗೋಚರಿಸವು. ಕಾಗದದ ಲೋಟ ಹೆಸರಿಗೆ ಮಾತ್ರ ಕಾಗದದ್ದು. ಅದರ ಒಳಮೈಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ಅಂತಹ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷವಿದ್ದರೆ ಸುಮಾರು 25,000 ಕಣಗಳು ನೀರಿಗಿಳಿಯುತ್ತವೆಂದು ಖರಗಪುರದ ಐಐಟಿಯ ಸಂಶೋಧಕರು 2020ರಲ್ಲಿ ತಿಳಿಸಿದರು. ಪಾಲಿಪ್ರೊಪಿಲೀನ್‌ನಿಂದ ಮಾಡಿದ ಹಾಲಿನ ಬಾಟಲಿಗಳು ಲೀಟರಿಗೆ 1.6 ಕೋಟಿಯವರೆಗೂ ಕಣಗಳನ್ನು ಬಿಡಬಲ್ಲವು, ನೀರು ಬಿಸಿಯಾದಷ್ಟೂ ಅವುಗಳ ಸಂಖ್ಯೆ ಏರುತ್ತದೆ ಎಂದು ಅದೇ ವರ್ಷ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧನೆ ತೋರಿಸಿಕೊಟ್ಟಿತು.

ಇಡ್ಲಿ ಬಟ್ಟೆಯ ಪಾಠ

ಇಡ್ಲಿ ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ಯುವುದು ಕನ್ನಡನಾಡಿನ ಹಳೆಯ ರೂಢಿ. ಬಟ್ಟೆಯನ್ನು ಒಗೆದು ಒಣಗಿಸುವ ಶ್ರಮವನ್ನು ಉಳಿಸಲು ಹೋಟೆಲುಗಳಲ್ಲಿ ಕೆಲವರು ಪ್ಲಾಸ್ಟಿಕ್ ಹಾಳೆಯನ್ನು ಹಾಸತೊಡಗಿದರು. 2025ರ ಫೆಬ್ರುವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯು 251 ಕಡೆ ಪರಿಶೀಲಿಸಿದಾಗ 52 ಕಡೆ ಈ ಪದ್ಧತಿ ಕಂಡುಬಂದಿತು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಕೂಡದೆಂದು ಸರಕಾರವು ಆಗ ಘೋಷಿಸಿತು. ಹೋಟೆಲಿಗೆ ಸಲ್ಲದ ಕ್ರಮ ಮನೆಗೆ ಸಲ್ಲುವುದು ಹೇಗೆ?

ಭಯವೂ ಬೇಡ, ಅಲಕ್ಷ್ಯವೂ ಬೇಡ

ಈ ಕಣಗಳಿಂದ ಒದಗುವ ಹಾನಿ ಎಷ್ಟೆಂಬುದು ಇನ್ನೂ ಪೂರ್ಣವಾಗಿ ನಿರ್ಣಯವಾಗಿಲ್ಲ. ಕುಡಿಯುವ ನೀರಿನಲ್ಲಿ ಅಂದು ಕಂಡುಬಂದಿದ್ದ ಪ್ರಮಾಣದಿಂದ ಆರೋಗ್ಯಕ್ಕೆ ಅಪಾಯವಿರುವಂತೆ ತೋರದು, ಆದರೆ ಹೆಚ್ಚಿನ ಸಂಶೋಧನೆ ಅಗತ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. 2024ರಲ್ಲಿ ಇಟಲಿಯ ವೈದ್ಯರು 257 ರೋಗಿಗಳ ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ್ದ ಕೊಬ್ಬಿನ ಗರಣೆಯನ್ನು ಪರೀಕ್ಷಿಸಿದ ಅಧ್ಯಯನವನ್ನು ಪ್ರಕಟಿಸಿದರು. ಪ್ಲಾಸ್ಟಿಕ್ ಕಣಗಳು ದೊರೆತವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹಾಗೂ ಮರಣದ ಸಂಭವ ಹೆಚ್ಚಾಗಿತ್ತು. ಪ್ಲಾಸ್ಟಿಕ್ಕೇ ಇದಕ್ಕೆ ಕಾರಣವೆಂಬುದು ಅದರಿಂದ ಸಿದ್ಧವಾಗದಿದ್ದರೂ ಎಚ್ಚರಿಕೆಗೆ ಅಷ್ಟು ಸಾಕು. ಸಾಲ ಪೂರ್ತಿ ತೀರದಿದ್ದರೂ ಬಡ್ಡಿ ಬೆಳೆಯದಂತೆ ನೋಡಿಕೊಳ್ಳುವುದು ಜಾಣ ಗೃಹಸ್ಥನ ಲಕ್ಷಣವಲ್ಲವೆ?

ಮನೆಯಲ್ಲಿ ಮಾಡಬಹುದಾದುದು

ಮದುವೆಯಲ್ಲಿ ಉಡುಗೊರೆಯಾಗಿ ಬಂದ, ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಕುಳಿತಿವೆ. ಅವುಗಳನ್ನು ಕೆಳಗಿಳಿಸುವುದೇ ಮೊದಲ ಕೆಲಸ. ಬಿಸಿ ಪದಾರ್ಥವನ್ನು ಸ್ಟೀಲು ಅಥವಾ ಗಾಜಿನಲ್ಲಿಯೇ ತುಂಬಬೇಕು. ಪ್ಲಾಸ್ಟಿಕ್ ಡಬ್ಬಿಯನ್ನು ಮೈಕ್ರೊವೇವ್ ಒಲೆಯಲ್ಲಿ ಇಡಬಾರದು. ಕೂಸಿಗೆ ಪುಡಿಹಾಲು ಕೊಡುವುದಾದರೆ ಅದನ್ನು ಶುಚಿಯಾದ ಸ್ಟೀಲು ಅಥವಾ ಗಾಜಿನ ಪಾತ್ರೆಯಲ್ಲಿ ಕದಡಿ, ಆರಿದ ಮೇಲೆ ಬಾಟಲಿಗೆ ಹಾಕುವುದು ಲೇಸು. ಚಹಾದಂಗಡಿಯಲ್ಲಿ ಗಾಜಿನ ಲೋಟವನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ. ತರಕಾರಿ ಹೆಚ್ಚಲು ಪ್ಲಾಸ್ಟಿಕ್ ಹಲಗೆಗಿಂತ ಈಳಿಗೆಮಣೆ, ಪಾತ್ರೆ ತಿಕ್ಕಲು ನೈಲಾನ್ ಬದಲು ತೆಂಗಿನ ನಾರು ಉತ್ತಮ. ಕೃತಕ ನೂಲಿನ ಬಟ್ಟೆಗಳಿಂದ ಉದುರುವ ಎಳೆಗಳು ಮನೆಯ ಧೂಳಿನಲ್ಲಿ ಸೇರಿರುವುದರಿಂದ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸವನ್ನು ಬಿಡಬಾರದು.

ಇದರಲ್ಲಿ ದೊಡ್ಡ ಖರ್ಚಿಲ್ಲ. ಒಮ್ಮೆ ಕೊಂಡ ಸ್ಟೀಲ್ ಡಬ್ಬಿ ಮಕ್ಕಳ ಕಾಲಕ್ಕೂ ಬಾಳುತ್ತದೆ. ಮನೆಯಿಂದ ಹೊರಬೀಳುವ ಕಸವೂ ಇದರಿಂದ ಕಡಿಮೆಯಾಗುತ್ತದೆ. ಶಿರೂರಿನ ಘೋಡ ನದಿ ಭೀಮೆಯನ್ನು ಸೇರುತ್ತದೆ; ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿಗಳನ್ನು ಹಾದು ಕೃಷ್ಣೆಯನ್ನು ಕೂಡುತ್ತದೆ. ಪರಊರಿನ ಅಡುಗೆಮನೆಯಲ್ಲಿ ತೋರಿದ ಎಚ್ಚರವು ತವರಿನ ನೀರಿಗೂ ಉಪಕಾರವಾದೀತು.