ವೋಲ್ಟೇಜ್ ಮತ್ತು ಪ್ರವಾಹದಿಂದ ರೋಧ ಹಾಗೂ ಸಾಮರ್ಥ್ಯದ ಲೆಕ್ಕಾಚಾರ

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಹಾಗೂ ರಬಕವಿ-ಬನಹಟ್ಟಿ ಪಟ್ಟಣಗಳಲ್ಲಿ ವಿದ್ಯುತ್ ಮಗ್ಗಗಳು ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿವೆ. ಮೋಟಾರು ಸುಟ್ಟರೆ ನೇಯ್ಗೆಯೂ ಅಂದಿನ ಗಳಿಕೆಯೂ ನಿಲ್ಲುತ್ತವೆ. ಇದರ ಕಾರಣವನ್ನು ಅರಿಯಲು ಕೆಳಗಿನ ಸೂತ್ರಗಳು ಸಹಕಾರಿಯಾಗಿವೆ.

ರೋಧ: ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದನ್ವಯ, ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧವು ಓಮ್‌ಗಳಲ್ಲಿ ದೊರೆಯುತ್ತದೆ.

ಸಾಮರ್ಥ್ಯ: ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯವು ವ್ಯಾಟ್‌ಗಳಲ್ಲಿ ದೊರೆಯುತ್ತದೆ.

ಉದಾಹರಣೆ: 230 ವೋಲ್ಟ್‌ನಲ್ಲಿ 5 ಆಂಪಿಯರ್ ಪ್ರವಾಹ ಪಡೆಯುವ, ನೀರು ಕಾಯಿಸುವ ಕಾಯಿಲ್‌ನ ರೋಧ 46 ಓಮ್, ಸಾಮರ್ಥ್ಯ 1,150 ವ್ಯಾಟ್. ಒಂದು ಗಂಟೆಯ ಬಳಕೆಗೆ 1.15 ಯೂನಿಟ್ ವಿದ್ಯುತ್ ವೆಚ್ಚವಾಗುತ್ತದೆ.

ಮೋಟಾರು: ಸಿಂಗಲ್ ಫೇಸ್ ಮೋಟಾರಿನ ಸಾಮರ್ಥ್ಯವನ್ನು ತಿಳಿಯಲು ಮೇಲಿನ ಗುಣಲಬ್ಧವನ್ನು ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು. ವೋಲ್ಟೇಜ್ ಕುಸಿದಾಗ, ಅದೇ ಹೊರೆಯನ್ನು ನಿರ್ವಹಿಸುವ ಮೋಟಾರು ಹೆಚ್ಚಿನ ಪ್ರವಾಹವನ್ನು ಸೆಳೆಯುತ್ತದೆ. ಸುರುಳಿಯಲ್ಲಿ ಉತ್ಪತ್ತಿಯಾಗುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹವು 4 ಆಂಪಿಯರ್‌ನಿಂದ 5 ಆಂಪಿಯರ್‌ಗೆ ಏರಿದರೆ, ಶಾಖವು ಒಂದೂವರೆ ಪಟ್ಟಿಗೂ ಅಧಿಕವಾಗುತ್ತದೆ. ಸುರುಳಿ ಸುಡಲು ಇದೇ ಕಾರಣ.

ಆದ್ದರಿಂದ ಮೋಟಾರಿನ ಫಲಕದಲ್ಲಿ ನಮೂದಿಸಿರುವ ಆಂಪಿಯರ್‌ಗೆ ತಕ್ಕ ಓವರ್‌ಲೋಡ್ ರಿಲೇ ಅಳವಡಿಸಿಕೊಳ್ಳುವುದು ಸೂಕ್ತ. ಚಾಲನೆಯಲ್ಲಿರುವ ಮೋಟಾರಿನ ವೋಲ್ಟೇಜ್ ಮತ್ತು ಪ್ರವಾಹವನ್ನು ಪರವಾನಗಿ ಹೊಂದಿದ ತಂತ್ರಜ್ಞರಿಂದಲೇ ಅಳತೆ ಮಾಡಿಸತಕ್ಕದ್ದು.