ಆಡುವವನೂ ಆಡಿಸುವವನೂ

ಆಟದ ಬಯಲಿನಲ್ಲಿ ಆಡುವವನ ಕೆಲಸ ಒಂದು. ಅಂಚಿನಲ್ಲಿ ನಿಂತು ಆಡಿಸುವವನ ಕೆಲಸ ಇನ್ನೊಂದು. ಆಡುವವನಿಗೆ ಕಾಲಿನ ಕಸುವು ಬೇಕು, ಉಸಿರು ಬೇಕು, ಚೆಂಡಿನ ಮೇಲೆ ಕಣ್ಣು ಬೇಕು. ಆಡಿಸುವವನಿಗೆ ಹನ್ನೊಂದು ಮಂದಿಯ ಸ್ವಭಾವ ತಿಳಿದಿರಬೇಕು, ಲೆಕ್ಕಪತ್ರ ಗೊತ್ತಿರಬೇಕು, ಸಂಘದ ಯಜಮಾನರಿಗೆ ಉತ್ತರ ಹೇಳುವ ತಾಳ್ಮೆ ಇರಬೇಕು. ಈ ಎರಡು ಹೊರೆಗಳನ್ನೂ ಒಬ್ಬನ ಹೆಗಲಿಗೇ ಏರಿಸುವ ಪದ್ಧತಿ ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಬಹುಕಾಲ ನಡೆದುಬಂದಿತು. ಅಂಥವನನ್ನು ಅವರು ಪ್ಲೇಯರ್-ಮ್ಯಾನೇಜರ್ ಎನ್ನುತ್ತಾರೆ. ಈ ಪದವಿ ದೊಡ್ಡ ಆಟಗಾರನಿಗೆ ಸಲ್ಲುವ ಗೌರವವೋ, ಅಥವಾ ಅವನ ಕಾಲಿಗೆ ಬೀಳುವ ತೊಡಕೋ ಎಂಬುದನ್ನು ಟಾಮಿ ಲಾಟನ್ ಎಂಬ ಆಟಗಾರನ ಬಾಳಿನಿಂದ ತಿಳಿಯಬಹುದೆಂದು ನನಗೆ ತೋರಿದೆ. ಆದುದರಿಂದ ಈ ಲೇಖನ.

ಲಾಟನ್ ಹುಟ್ಟಿದ್ದು ೧೯೧೯ನೆಯ ಅಕ್ಟೋಬರ್ ೬ರಂದು, ಹತ್ತಿಯ ಗಿರಣಿಗಳಿಗೆ ಹೆಸರಾದ ಲ್ಯಾಂಕಷೈರ್ ಸೀಮೆಯ ಫಾರ್ನ್‌ವರ್ತ್ ಎಂಬ ಊರಿನಲ್ಲಿ. ತಂದೆ ಬೇಗನೆ ಸಂಸಾರ ಬಿಟ್ಟುಹೋದುದರಿಂದ ಹುಡುಗ ಬೆಳೆದದ್ದು ತಾಯಿಯ ಮತ್ತು ಅಜ್ಜನ ಮನೆಯವರ ಆಶ್ರಯದಲ್ಲಿ. ಬಡವರ ಮನೆಯ ಆ ಹುಡುಗನಿಗೆ ಇದ್ದ ಆಸ್ತಿಯೆಂದರೆ ಎತ್ತರದ ಮೈಕಟ್ಟು ಮತ್ತು ಚೆಂಡನ್ನು ತಲೆಯಿಂದ ಹೊಡೆಯುವ ಅಪೂರ್ವ ಶಕ್ತಿ. ೧೯೩೬ನೆಯ ಮಾರ್ಚ್ ತಿಂಗಳಲ್ಲಿ, ಇನ್ನೂ ೧೬ ವರ್ಷದವನಾಗಿದ್ದಾಗಲೇ, ಬರ್ನ್‌ಲಿ ತಂಡದ ಸೆಂಟರ್ ಫಾರ್ವರ್ಡ್ ಆಗಿ ಕಣಕ್ಕಿಳಿದನು. ಸೆಂಟರ್ ಫಾರ್ವರ್ಡ್ ಎಂದರೆ ತಂಡದ ಮುಂಚೂಣಿಯ ನಡುವೆ ನಿಂತು ಗೋಲು ಹೊಡೆಯುವ ಹೊಣೆ ಹೊತ್ತವನು. ಅದೇ ವರ್ಷದ ಅಕ್ಟೋಬರಿನಲ್ಲಿ ೧೭ ತುಂಬಿ ವೃತ್ತಿ ಆಟಗಾರನಾದನು. ನಾಲ್ಕು ದಿನ ಕಳೆದು ನಡೆದ ಪಂದ್ಯದಲ್ಲಿ ಟಾಟೆನ್‌ಹ್ಯಾಮ್ ತಂಡದ ಮೇಲೆ ಮೂರು ಗೋಲು ಹೊಡೆದನು.

ಹೊಸ ವರ್ಷ ಕಾಲಿಡುವ ಹೊತ್ತಿಗೆ ಲಿವರ್‌ಪೂಲ್ ನಗರದ ಎವರ್ಟನ್ ಸಂಘ ೬,೫೦೦ ಪೌಂಡು ತೆತ್ತು ಅವನನ್ನು ಕೊಂಡಿತು. ಅಲ್ಲಿ ಆಗ ಡಿಕ್ಸಿ ಡೀನ್ ಇದ್ದನು. ೧೯೨೭-೨೮ರ ಒಂದೇ ಋತುವಿನ ಲೀಗ್ ಪಂದ್ಯಗಳಲ್ಲಿ ೬೦ ಗೋಲು ಹೊಡೆದ ಮಹಾಪಟು ಅವನು. ಹುಡುಗ ಟ್ರಾಮ್ ಗಾಡಿಯಲ್ಲಿ ಮೈದಾನಕ್ಕೆ ಹೋಗುತ್ತಿದ್ದಾಗ ಕಂಡಕ್ಟರನು ಗುರುತು ಹಿಡಿದು, ನೀನು ಎಷ್ಟು ಮಾಡಿದರೂ ಡಿಕ್ಸಿಯಷ್ಟು ಆಗಲಾರೆ ಎಂದುಬಿಟ್ಟನಂತೆ. ಆದರೆ ಸ್ವತಃ ಡೀನ್ ಹಾಗೆ ಹೇಳಲಿಲ್ಲ. ತನ್ನ ಸ್ಥಾನವನ್ನು ಕಸಿಯಲು ಬಂದ ಹುಡುಗನೆಂದು ಗೊತ್ತಿದ್ದೂ ತನ್ನ ವಿದ್ಯೆಯನ್ನು ಅವನಿಗೆ ಧಾರೆಯೆರೆದನು. ಲಾಟನ್ ೧೯೩೭-೩೮ರಲ್ಲಿ ೨೮ ಗೋಲು ಹೊಡೆದು ಪ್ರಥಮ ದರ್ಜೆಯ ಲೀಗಿನಲ್ಲಿ ಎಲ್ಲರಿಗಿಂತ ಮುಂದಾದನು. ಮರುವರ್ಷವೂ ಅವನೇ ಮೊದಲಿಗ. ಎವರ್ಟನ್ ಲೀಗ್ ವಿಜೇತ ತಂಡವಾಯಿತು. ಆಗ ಅವನಿಗೆ ೧೯ ವರ್ಷ.

ಅಷ್ಟರಲ್ಲಿ, ೧೯೩೯ರ ಸೆಪ್ಟೆಂಬರಿನಲ್ಲಿ, ಎರಡನೆಯ ಮಹಾಯುದ್ಧ ಬಂದಿತು. ಲೀಗ್ ನಿಂತಿತು. ೨೦ರಿಂದ ೨೬ರವರೆಗಿನ ಪ್ರಾಯವೇ ಆಟಗಾರನ ಹೊನ್ನಿನ ಕಾಲ. ಲಾಟನ್ ಅದನ್ನು ಸೈನ್ಯದಲ್ಲಿ ಅಂಗಸಾಧನೆ ಕಲಿಸುತ್ತಾ, ದಾಖಲೆಯ ಲೆಕ್ಕಕ್ಕೆ ಸೇರದ ಯುದ್ಧಕಾಲದ ಪಂದ್ಯಗಳನ್ನಾಡುತ್ತಾ ಕಳೆದನು. ಹೀಗಿದ್ದರೂ ಇಂಗ್ಲೆಂಡಿನ ಪರವಾಗಿ ಆಡಿದ ೨೩ ಅಧಿಕೃತ ಪಂದ್ಯಗಳಲ್ಲಿ ೨೨ ಗೋಲು ಅವನ ಹೆಸರಿನಲ್ಲಿವೆ. ೧೯೪೭ರಲ್ಲಿ ಲಿಸ್ಬನ್ ನಗರದಲ್ಲಿ ಪೋರ್ಚುಗಲ್ ದೇಶವನ್ನು ೧೦-೦ ಅಂತರದಿಂದ ಸೋಲಿಸಿದಾಗ ಅವುಗಳಲ್ಲಿ ನಾಲ್ಕು ಅವನವು.

ಯುದ್ಧ ಮುಗಿದ ವರ್ಷವೇ ಅವನು ಲಂಡನ್ನಿನ ಚೆಲ್ಸಿ ಸಂಘಕ್ಕೆ ಹೋದನು. ಅಲ್ಲಿ ೧೯೪೬-೪೭ರ ಋತುವಿನಲ್ಲಿ ೨೬ ಲೀಗ್ ಗೋಲು ಹೊಡೆದನು. ೧೯೪೭ರ ನವೆಂಬರಿನಲ್ಲಿ ಎಲ್ಲರೂ ಬೆರಗಾಗುವಂತೆ ಮೂರನೆಯ ದರ್ಜೆಯ ನಾಟ್ಸ್ ಕೌಂಟಿ ಸಂಘವನ್ನು ಸೇರಿದನು. ದೇಶದ ಅಗ್ರಗಣ್ಯ ಸೆಂಟರ್ ಫಾರ್ವರ್ಡ್ ಎರಡು ಮೆಟ್ಟಿಲು ಕೆಳಗಿಳಿದು ಬಂದಂತಾಯಿತು. ಅಲ್ಲಿಯ ಮ್ಯಾನೇಜರನು ಚೆಲ್ಸಿಯಲ್ಲಿ ಆಟಗಾರರ ಮೈ ನೀವುತ್ತಿದ್ದ ಅವನ ಗೆಳೆಯ. ಅದಲ್ಲದೆ, ಆಟ ನಿಲ್ಲಿಸಿದ ಮೇಲೆ ಬೇರೊಂದು ಉದ್ಯೋಗ ಕೊಡಿಸುವ ಭರವಸೆಯೂ ದೊರೆತಿತ್ತಂತೆ. ಆಗ ಕೈ ಬದಲಾದ ಬೆಲೆ ೨೦,೦೦೦ ಪೌಂಡು. ಬ್ರಿಟನ್ನಿನಲ್ಲಿ ಅದುವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಅವನಿಗೆ ಬಂದ ಬೆಲೆ ಬೇರೆ, ಅವನ ಕೈಗೆ ಬಂದ ಹಣ ಬೇರೆ. ಈ ಮೊತ್ತ ಒಂದು ಸಂಘದಿಂದ ಇನ್ನೊಂದು ಸಂಘಕ್ಕೆ ಸಲ್ಲುವುದು; ಆಟಗಾರನಿಗೆ ಸಹಿ ಹಾಕಿದ್ದಕ್ಕೆ ೧೦ ಪೌಂಡು. ಸಂಬಳಕ್ಕೂ ಒಂದು ಮಿತಿಯಿತ್ತು. ೧೯೪೭ರಲ್ಲಿ ಎಂಥ ಗಂಡುಗಲಿ ಆಟಗಾರನಿಗೂ ಋತುವಿನಲ್ಲಿ ವಾರಕ್ಕೆ ೧೨ ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಆಟವಿಲ್ಲದ ಬೇಸಿಗೆಯಲ್ಲಿ ೧೦ ಪೌಂಡು. ನಾನು ಕುಳಿತು ಲೆಕ್ಕ ಹಾಕಿ ನೋಡಿದೆ. ವಾರಕ್ಕೆ ೧೨ರಂತೆ ವರ್ಷವಿಡೀ ಬಂದರೂ ತನ್ನ ಬೆಲೆಯಷ್ಟನ್ನು ತಾನು ಸಂಪಾದಿಸಲು ಲಾಟನ್ ೩೨ ವರ್ಷ ಆಡಬೇಕಾಗಿತ್ತು! ಕರಾರಿನ ಅವಧಿ ಮುಗಿದರೂ ಸಂಘ ಬಿಡುವವರೆಗೆ ಆಟಗಾರನು ಬೇರೆಡೆಗೆ ಹೋಗುವಂತಿರಲಿಲ್ಲ. ಸಂಬಳದ ಮಿತಿ ತೊಲಗಿದ್ದು ೧೯೬೧ರಲ್ಲಿ. ಆಟಗಾರನನ್ನು ಹಾಗೆ ಹಿಡಿದಿಡುವುದು ನ್ಯಾಯವಲ್ಲವೆಂದು ನ್ಯಾಯಾಲಯ ತೀರ್ಪಿತ್ತದ್ದು ೧೯೬೩ರಲ್ಲಿ. ಎರಡಕ್ಕೂ ಮೊದಲೇ ಲಾಟನ್ನನ ಆಟ ಮುಗಿದಿತ್ತು.

ಕೆಳದರ್ಜೆಗೆ ಬಂದನೆಂದು ಅವನು ಉದಾಸೀನ ಮಾಡಲಿಲ್ಲ. ಮೂರನೆಯ ದರ್ಜೆಯಲ್ಲಿದ್ದುಕೊಂಡೇ ಇಂಗ್ಲೆಂಡಿನ ಪರ ಆಡಿದನು. ೧೯೪೯-೫೦ರಲ್ಲಿ ನಾಟ್ಸ್ ಕೌಂಟಿಯನ್ನು ಎರಡನೆಯ ದರ್ಜೆಗೆ ಏರಿಸಿದನು. ೧೯೫೨ರ ಮಾರ್ಚಿನಲ್ಲಿ ೧೬,೦೦೦ ಪೌಂಡಿಗೆ ಬ್ರೆಂಟ್‌ಫರ್ಡ್ ಸಂಘಕ್ಕೆ ಹೋದನು. ಮರುವರ್ಷದ ಜನವರಿಯಲ್ಲಿ ಆ ಸಂಘ ಅವನನ್ನೇ ಮ್ಯಾನೇಜರನನ್ನಾಗಿ ಮಾಡಿತು. ಅಂದಿನಿಂದ ಅವನು ಆಡುವವನೂ ಹೌದು, ಆಡಿಸುವವನೂ ಹೌದು.

ಈ ಪದವಿಯ ಒಳಗುಟ್ಟೇನು? ಮೊದಲನೆಯದಾಗಿ, ಸಂಘಕ್ಕೆ ಒಂದು ಆಳಿನಿಂದ ಎರಡು ಕೆಲಸ. ಎರಡನೆಯದಾಗಿ, ಮ್ಯಾನೇಜರನ ಸಂಬಳಕ್ಕೆ ಆಟಗಾರನ ಸಂಬಳದಂತೆ ಮಿತಿಯಿರಲಿಲ್ಲ. ಆದುದರಿಂದ ವಯಸ್ಸಾಗುತ್ತಿದ್ದ ಆಟಗಾರನಿಗೂ ಅದರಲ್ಲಿ ಆಸೆ. ಮೂರನೆಯದಾಗಿ, ದೊಡ್ಡ ಹೆಸರು ಕಂಡರೆ ಪ್ರೇಕ್ಷಕರು ಬರುತ್ತಾರೆ. ಆದರೆ ತೊಂದರೆಗಳೂ ಅಷ್ಟೇ. ಯಾರನ್ನು ಆಡಿಸಬೇಕು, ಯಾರನ್ನು ಕೈಬಿಡಬೇಕೆಂದು ನಿರ್ಧರಿಸುವಾಗ ತನ್ನ ಹೆಸರನ್ನೂ ಆ ಪಟ್ಟಿಯಲ್ಲಿ ತೂಗಿ ನೋಡಬೇಕು. ೩೩ ವರ್ಷದ ಕಾಲು ೨೩ರ ಕಾಲಿನಂತೆ ಓಡದು ಎಂದು ತನಗೆ ತಾನೇ ಹೇಳಿಕೊಳ್ಳುವುದು ಸುಲಭವೇ? ಆ ಕಾಲದಲ್ಲಿ ಬದಲಿ ಆಟಗಾರರ ಪದ್ಧತಿಯೂ ಇರಲಿಲ್ಲ; ಇಂಗ್ಲಿಷ್ ಲೀಗಿನಲ್ಲಿ ಅದು ಬಂದದ್ದು ೧೯೬೫ರಲ್ಲಿ. ಪಂದ್ಯ ಆರಂಭವಾದ ಮೇಲೆ ತಪ್ಪು ಕಂಡರೂ ಹನ್ನೊಂದು ಮಂದಿಯಲ್ಲಿ ಒಬ್ಬನಾಗಿ ಓಡುತ್ತಿರಬೇಕೇ ಹೊರತು ಹೊರಗೆ ನಿಂತು ಇಡೀ ಆಟವನ್ನು ನೋಡುವ ಅವಕಾಶವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನನ್ನ ತಂದೆಯವರು ಗಾರೆ ಕೆಲಸದವರು. ನಾನು ಹೈಸ್ಕೂಲಿನಲ್ಲಿದ್ದಾಗ ಕಂಟ್ರಾಕ್ಟರರು ಅವರನ್ನು ಮೇಸ್ತ್ರಿ ಮಾಡಿದರು. ಕರಣೆ ಕೈಯಲ್ಲೇ ಉಳಿಯಿತು, ಹಾಜರಿ ಪುಸ್ತಕ ಕಂಕುಳಿಗೆ ಬಂದಿತು. ಮೊದಲ ಬಟವಾಡೆಯ ದಿನವೇ, ತಡವಾಗಿ ಬಂದ ಹಳೆಯ ಜೊತೆಗಾರರೊಬ್ಬರಿಗೆ ಅರ್ಧ ದಿನದ ಕೂಲಿ ಹಿಡಿಯಬೇಕಾಯಿತು. ಹಿಡಿಯದಿದ್ದರೆ ಯಜಮಾನರು ಬಿಡರು. ಹಿಡಿದರೆ ಜೊತೆಗಾರರು ಒಪ್ಪರು. ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎಲೆ ಅಡಿಕೆಯ ಸಂಚಿ ನನ್ನ ತಂದೆಯವರ ಕಡೆಗೆ ಬರಲಿಲ್ಲ. ಕೆಲಸ ತಿಳಿದವರೆಂದು ಅವರನ್ನು ಮೇಸ್ತ್ರಿ ಮಾಡಿದರು. ಆದರೆ ಕೆಲಸ ಬಲ್ಲವನಿಗೆ ಕೆಲಸ ಮಾಡಿಸುವುದೂ ಬಂದೀತೆಂಬ ನಿಯಮವಿಲ್ಲ. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಲಾಟನ್ನನಿಗೂ ಕಲಿಸಿರಲಿಲ್ಲ. ತಲೆಯಿಂದ ಚೆಂಡು ಹೊಡೆಯುವುದನ್ನು ಕಲಿಸಲು ಅವನಿಗೆ ಡೀನ್ ಇದ್ದನು. ಮ್ಯಾನೇಜರನಾಗುವುದನ್ನು ಕಲಿಸಲು ಅಂಥ ಗುರು ಯಾರಿದ್ದರು?

ಬ್ರೆಂಟ್‌ಫರ್ಡಿನಲ್ಲಿ ಅವನು ಒಂದು ವರ್ಷವನ್ನೂ ತುಂಬಿಸಲಿಲ್ಲ. ೧೯೫೩ರಲ್ಲೇ ಪದವಿಯನ್ನು ಬಿಟ್ಟು ಬರಿಯ ಆಟಗಾರನಾಗಿ, ಆಗತಾನೇ ಲೀಗ್ ಗೆದ್ದಿದ್ದ ಆರ್ಸೆನಲ್ ತಂಡಕ್ಕೆ ಹೋದನು. ೧೯೫೬ರಲ್ಲಿ ಕೆಟರಿಂಗ್ ಟೌನ್ ಎಂಬ ಸಣ್ಣ ಸಂಘ ಅವನನ್ನು ಮತ್ತೆ ಆಟಗಾರ-ಮ್ಯಾನೇಜರನನ್ನಾಗಿ ಕರೆಯಿತು. ಅಲ್ಲಿ ಅವನು ಗೆದ್ದನು: ೧೯೫೬-೫೭ರ ಸದರ್ನ್ ಲೀಗ್ ಪ್ರಶಸ್ತಿ ಕೆಟರಿಂಗಿಗೆ ಬಂದಿತು. ಈ ಗೆಲುವಿನಿಂದ ೧೯೫೭ರಲ್ಲಿ ಹಳೆಯ ನಾಟ್ಸ್ ಕೌಂಟಿಯ ಮ್ಯಾನೇಜರ್ ಹುದ್ದೆ ದೊರೆಯಿತು. ತಾನು ಮೇಲೆತ್ತಿದ ಆ ತಂಡವೇ ೧೯೫೮ರಲ್ಲಿ ಅವನ ಕಣ್ಣೆದುರು ಮೂರನೆಯ ದರ್ಜೆಗೆ ಇಳಿಯಿತು, ಹುದ್ದೆಯೂ ಹೋಯಿತು.

ಹಾಗೆಂದು ಈ ಪದವಿಯಲ್ಲಿ ಯಾರೂ ಗೆದ್ದಿಲ್ಲವೆಂದಲ್ಲ. ಲಾಟನ್ನನ ಸಮಕಾಲೀನನಾದ ರೇಚ್ ಕಾರ್ಟರ್ ೧೯೪೯ರಲ್ಲಿ ಹಲ್ ಸಿಟಿಯನ್ನು ಹೀಗೆಯೇ ಆಡುತ್ತಾ ಆಡಿಸುತ್ತಾ ಮೇಲಿನ ದರ್ಜೆಗೆ ಒಯ್ದನು. ೧೯೮೫-೮೬ರಲ್ಲಿ ಕೆನ್ನಿ ಡಾಲ್ಗ್ಲಿಷ್ ಲಿವರ್‌ಪೂಲ್ ತಂಡಕ್ಕೆ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ತಂದನು; ಲೀಗ್ ಗೆಲ್ಲಿಸಿದ ಗೋಲನ್ನು ತಾನೇ ಹೊಡೆದನು. ಆದರೆ ಡಾಲ್ಗ್ಲಿಷ್‌ಗೆ ದೊರೆತದ್ದು ಕಟ್ಟಿ ನಿಂತ ಮನೆ. ಪಕ್ಕದಲ್ಲಿ ಹಿಂದಿನ ಮ್ಯಾನೇಜರ್ ಬಾಬ್ ಪೇಸ್ಲಿ ಸಲಹೆ ಹೇಳಲು ಇದ್ದನು. ಲಾಟನ್ನನಿಗೆ ದೊರೆತದ್ದು ಸೋರುವ ಮಾಡು.

ಅನಂತರದ ಕಥೆ ಬರೆಯಲು ಸಂಕಟವಾಗುತ್ತದೆ. ಪಾನಗೃಹ ನಡೆಸಿದನು, ವಿಮೆಯ ಕೆಲಸ ಮಾಡಿದನು; ಯಾವುದೂ ಕೈಹತ್ತಲಿಲ್ಲ. ಸಾಲ ಬೆಳೆಯಿತು. ಹಣವಿಲ್ಲದ ಖಾತೆಯ ಮೇಲೆ ಚೆಕ್ಕು ಬರೆದುಕೊಟ್ಟ ತಪ್ಪಿಗಾಗಿ ೧೯೭೨ರಲ್ಲಿ ನ್ಯಾಯಾಲಯದ ಕಟ್ಟೆ ಹತ್ತಬೇಕಾಯಿತು. ತಪ್ಪು ತಪ್ಪೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಅದೇ ವರ್ಷ ಎವರ್ಟನ್ ಮೈದಾನದಲ್ಲಿ ಅವನ ಸಹಾಯಾರ್ಥವಾಗಿ ಪಂದ್ಯವೊಂದು ನಡೆಯಿತು. ಮುಪ್ಪಿನಲ್ಲಿ ನಾಟಿಂಗ್‌ಹ್ಯಾಮ್ ಪತ್ರಿಕೆಗೆ ಅಂಕಣ ಬರೆಯುತ್ತಾ ಸ್ವಲ್ಪ ನೆಮ್ಮದಿ ಕಂಡು, ೧೯೯೬ರ ನವೆಂಬರ್ ೬ರಂದು ೭೭ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಚಿತಾಭಸ್ಮ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಸಂಗ್ರಹಾಲಯಕ್ಕೆ ಸೇರಿತು.

ಆಳಾಗಿ ದುಡಿ, ಅರಸಾಗಿ ಉಣ್ಣು ಎಂದು ನಮ್ಮಲ್ಲಿ ಗಾದೆಯಿದೆ. ಲಾಟನ್ ಆಳಾಗಿ ದುಡಿದನು, ಅರಸಾಗಿ ಉಣ್ಣಲಿಲ್ಲ. ಅದು ಅವನೊಬ್ಬನ ದೋಷವೆಂದು ನಾನು ಒಪ್ಪಲಾರೆ. ಒಬ್ಬನ ವಿದ್ಯೆಗೆ ಸಾವಿರಗಟ್ಟಲೆ ಬೆಲೆ ಕಟ್ಟಿ, ಆ ಬೆಲೆಯನ್ನು ಅವನ ಕೈಗೆ ಕೊಡದೆ, ಮೈಯ ಕಸುವು ಇಳಿದಾಗ ಕಲಿಯದ ಕೆಲಸವೊಂದನ್ನು ಹೆಗಲಿಗೇರಿಸಿದರೆ ಎಂಥವನೂ ತತ್ತರಿಸುವನು. ಆಟ ಬಲ್ಲವನಿಗೆ ಆಡಿಸುವುದನ್ನೂ ಕಲಿಸಬೇಕು. ಆಟ ಮುಗಿದ ಮೇಲಿನ ಬಾಳಿಗೆ ಆಡುತ್ತಿರುವಾಗಲೇ ದಾರಿ ಮಾಡಿಕೊಡಬೇಕು.

ಈ ವರ್ಷ ನಾನು ಕಾಲೇಜನ್ನು ಬಿಡುತ್ತೇನೆ. ನಮ್ಮ ಮನೆತನದಲ್ಲಿ ಪದವಿಯ ಪರೀಕ್ಷೆಗೆ ಕೂರುತ್ತಿರುವವನು ನಾನೇ ಮೊದಲಿಗ. ನಾಳೆ ನನ್ನನ್ನೂ ಯಾರಾದರೂ ನಾಲ್ಕು ಮಂದಿಯ ಮೇಲೆ ನಿಲ್ಲಿಸಿಯಾರು. ಆಗ ಟಾಮಿ ಲಾಟನ್ನನನ್ನು ನೆನೆಯುವೆನು. ತನ್ನ ಜಾಗಕ್ಕೆ ಬಂದ ಹುಡುಗನಿಗೆ ಕೈಹಿಡಿದು ಕಲಿಸಿದ ಡಿಕ್ಸಿ ಡೀನನನ್ನು ಅವನಿಗಿಂತ ಮೊದಲು ನೆನೆಯುವೆನು.